ಸೈಬರ್ ಭಂಗದ ವರದಿಗಳು: ಒಂದು ಗದ್ಯವಿಮರ್ಶೆ

೧

ಗದ್ಯವೆಂದೊಡನೆ ನಮ್ಮ ವಿಮರ್ಶಕರ ಮನಸ್ಸು ಕಾದಂಬರಿ, ಸಣ್ಣಕಥೆ, ಪ್ರಬಂಧಗಳ ಕಡೆಗೆ ಹರಿಯುವುದು ಸಹಜವಾಗಿದೆ. ಆದರೆ ಶಾಸನಗಳನ್ನೂ ಕೈಫಿಯತ್ತುಗಳನ್ನೂ ದಫ್ತರದ ಕಾಗದಗಳನ್ನೂ ಭಾಷೆಯ ದೃಷ್ಟಿಯಿಂದ ಓದುವ ಪರಿಪಾಟಿಯು ನಮ್ಮ ವಿದ್ವಾಂಸರಲ್ಲಿ ಹಳೆಯದು. ರಸಕ್ಕಾಗಿ ಹುಟ್ಟದ ಬರಹವೂ ಬರೆದವರ ಮನೋಧರ್ಮವನ್ನು ತೋರಿಸಿಕೊಡುವುದೆಂಬುದು ಆ ಪರಿಪಾಟಿಯ ಆಧಾರ. ಅಂತಹ ಬರಹಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಜಾತಿ ಸೇರಿಕೊಂಡಿದೆ. ವ್ಯಾಪಾರಸಂಸ್ಥೆಯೊಂದರ ಕಂಪ್ಯೂಟರುಗಳೊಳಕ್ಕೆ ಪರರು ನುಗ್ಗಿ ಅಲ್ಲಿರುವ ಮಾಹಿತಿಯನ್ನು ಕದ್ದಾಗ, ಅಥವಾ ಅದನ್ನು ಕೆಡಿಸಿ ಕೆಲಸ ನಿಲ್ಲಿಸಿದಾಗ, ಆ ಸಂಸ್ಥೆಯವರೋ ವಿಚಾರಣೆ ನಡಸಿದವರೋ ಲೋಕಕ್ಕೆ ಒಪ್ಪಿಸುವ ವೃತ್ತಾಂತವೇ ಅದು. ಇದನ್ನು ಸೌಕರ್ಯಕ್ಕಾಗಿ ‘ಭಂಗವರದಿ’ ಎಂದು ಕರೆಯೋಣ.

ಇಂತಹ ವರದಿಯ ಬೆಲೆಯೇನೆಂದು ಕೆಲವರು ಕೇಳಬಹುದು. ಕದ್ದುಹೋದ ಮಾಹಿತಿಯ ಒಡೆಯರಾದ ಸಾಮಾನ್ಯಜನರಿಗೆ, ತಮ್ಮ ಪಾಲಿನ ಹಾನಿ ಏಕೆ ಒದಗಿತೆಂಬುದಕ್ಕೆ ದೊರೆಯುವ ಉತ್ತರ ಬಹುಮಟ್ಟಿಗೆ ಇದೊಂದೇ. ಇತರ ಸಂಸ್ಥೆಗಳ ನಿರ್ದೇಶಕರಿಗೆ ತಮ್ಮ ಮನೆಯಲ್ಲಿ ಯಾವ ಅಪಾಯ ಅಡಗಿದೆಯೆಂದು ಅರಿಯಲು ಇದಕ್ಕಿಂತ ಉತ್ತಮವಾದ ಪಾಠವಿಲ್ಲ. ಆದುದರಿಂದ ಇಲ್ಲಿ ಗದ್ಯದ ಗುಣದೋಷವು ಅಲಂಕಾರದ ಮಾತಲ್ಲ. ವಾಕ್ಯ ಮಬ್ಬಾದರೆ ಪಾಠವೂ ಮಬ್ಬಾಗುವುದು.

ನಾವು ಇಲ್ಲಿ ಮುಖ್ಯವಾಗಿ ಮೂರು ಪ್ರಸಂಗಗಳ ಬರಹವನ್ನು ಪರೀಕ್ಷಿಸುತ್ತೇವೆ: ೨೦೧೭ರಲ್ಲಿ ಡೆನ್ಮಾರ್ಕಿನ ಮೇರ್ಸ್ಕ್ ಹಡಗುಸಂಸ್ಥೆಗೂ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಗೂ ಒದಗಿದ ಭಂಗಗಳು, ೨೦೨೩ರಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೆ ಒದಗಿದ ಭಂಗ. ಮೂರನೆಯದು ವ್ಯಾಪಾರಸಂಸ್ಥೆಯಲ್ಲ, ಆದರೂ ಗುತ್ತಿಗೆದಾರರು, ಹಳೆಯ ಯಂತ್ರಗಳು, ವೆಚ್ಚದ ಲೆಕ್ಕ ಇವುಗಳ ತೊಡಕು ಅಲ್ಲಿಯೂ ಒಂದೇ ಬಗೆಯದಾಗಿರುವುದರಿಂದಲೂ, ಅದರ ವರದಿಯು ಈ ಜಾತಿಯಲ್ಲಿ ಮೇಲ್ಮಟ್ಟದ್ದಾಗಿರುವುದರಿಂದಲೂ ಅದನ್ನು ಸೇರಿಸಿಕೊಂಡಿದ್ದೇವೆ.

೨

ಪರೀಕ್ಷೆಗೆ ಒಂದು ಒರೆಗಲ್ಲು ಬೇಕಷ್ಟೆ. ಪದಗಳ ಗುಂಪೊಂದು ವಾಕ್ಯವೆನಿಸಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಒಂದು ಪದವು ಇನ್ನೊಂದನ್ನು ಬಯಸುವುದು ಆಕಾಂಕ್ಷೆ: ‘ತಂದನು’ ಎಂದೊಡನೆ ಯಾರು, ಏನನ್ನು ಎಂದು ಕೇಳುವವನ ಮನಸ್ಸು ಎದುರುನೋಡುತ್ತದೆ. ಪದಗಳ ಅರ್ಥಗಳು ಒಂದಕ್ಕೊಂದು ಹೊಂದುವುದು ಯೋಗ್ಯತೆ. ಬೆಂಕಿಯಿಂದ ನೆನೆಸುತ್ತಾನೆ ಎಂದರೆ ವ್ಯಾಕರಣವೆಲ್ಲ ಸರಿಯಿದ್ದರೂ ವಾಕ್ಯ ನಿಲ್ಲುವುದಿಲ್ಲ. ಪದಗಳು ಹತ್ತಿರಹತ್ತಿರ ಬರುವುದು ಸನ್ನಿಧಿ. ಬೆಳಗ್ಗೆ ಒಂದು ಪದವನ್ನೂ ಸಂಜೆ ಇನ್ನೊಂದನ್ನೂ ನುಡಿದರೆ ಅದು ವಾಕ್ಯವಾಗದು.

ಈ ಮೂರನ್ನು ಒಂದೊಂದು ವಾಕ್ಯಕ್ಕೆ ಮಾತ್ರವಲ್ಲದೆ ಇಡಿಯ ವೃತ್ತಾಂತಕ್ಕೂ ಅನ್ವಯಿಸಬಹುದೆಂದು ನಮ್ಮ ಅಭಿಪ್ರಾಯ. ಭಂಗವರದಿಯಲ್ಲಿ ‘ಬಾಗಿಲು ತೆರೆದಿತ್ತು’ ಎಂದು ಓದಿದೊಡನೆ, ಅದನ್ನು ತೆರೆದಿಡಲು ಒಪ್ಪಿದವರು ಯಾರೆಂಬ ಆಕಾಂಕ್ಷೆ ಹುಟ್ಟುತ್ತದೆ. ಅದಕ್ಕೆ ಉತ್ತರವಾಗಿ ಹೆಸರಿಸಿದ ಕರ್ತೃವಿಗೆ ಆ ಕ್ರಿಯೆಯನ್ನು ಹೊರುವ ಯೋಗ್ಯತೆ ಇರಬೇಕು. ತೀರ್ಮಾನವೂ ಅದರ ಫಲವೂ, ಕಾಲದಲ್ಲಿ ಎಷ್ಟೇ ದೂರವಾಗಿದ್ದರೂ, ಬರಹದಲ್ಲಿ ಸನ್ನಿಧಿಯನ್ನು ಪಡೆಯಬೇಕು. ಹೀಗೆ ನೋಡಿದರೆ ಈ ವರದಿಗಳ ದೋಷಗಳು ಯಂತ್ರಶಾಸ್ತ್ರದ ದೋಷಗಳಿಗಿಂತ ಹೆಚ್ಚಾಗಿ ವಾಕ್ಯದೋಷಗಳೇ ಆಗಿ ತೋರುತ್ತವೆ.

೩

ಮೊದಲು ಮೇರ್ಸ್ಕ್ ಸಂಸ್ಥೆಯದು. ಜಗತ್ತಿನ ಕಂಟೇನರ್ ಸಾಗಾಟದಲ್ಲಿ ಸುಮಾರು ಐದರಲ್ಲೊಂದು ಪಾಲು ಈ ಸಂಸ್ಥೆಯ ಕೈಯಲ್ಲಿದ್ದಿತು. ೨೦೧೭ನೆಯ ಜೂನ್ ೨೭ರಂದು ‘ನಾಟ್‌ಪೆಟ್ಯಾ’ ಎಂಬ ವಿನಾಶಕ ಸಾಫ್ಟ್‌ವೇರ್, ಉಕ್ರೇನಿನಲ್ಲಿ ಬಳಕೆಯಲ್ಲಿದ್ದ ಲೆಕ್ಕಪತ್ರದ ಸಾಫ್ಟ್‌ವೇರೊಂದರ ನವೀಕರಣದೊಡನೆ ಹೊರಟು, ಗಂಟೆಗಳೊಳಗೆ ಈ ಸಂಸ್ಥೆಯ ಕಂಪ್ಯೂಟರುಗಳನ್ನೆಲ್ಲ ನಿರುಪಯುಕ್ತವಾಗಿ ಮಾಡಿತು. ಮುಂಬಯಿಯ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಆ ಬಳಗದವರು ನಡಸುತ್ತಿದ್ದ ಕಟ್ಟೆಯಲ್ಲಿಯೂ ಸರಕಿನ ಓಡಾಟ ಅಸ್ತವ್ಯಸ್ತವಾಯಿತು. ಇದು ರಷ್ಯದ ಸೈನ್ಯದ ಕೃತ್ಯವೆಂದು ಅಮೆರಿಕ, ಬ್ರಿಟನ್ ಸರ್ಕಾರಗಳು ೨೦೧೮ರ ಫೆಬ್ರುವರಿಯಲ್ಲಿ ಸಾರಿದುವು.

ಸಂಸ್ಥೆಯ ಅಧ್ಯಕ್ಷರಾಗಿದ್ದ ಜಿಮ್ ಹಾಗೆಮನ್ ಸ್ನಾಬೆಯವರು ೨೦೧೮ರ ಜನವರಿಯಲ್ಲಿ ದಾವೋಸ್ ಸಭೆಯಲ್ಲಿ ಈ ವೃತ್ತಾಂತವನ್ನು ಹೇಳಿದರು. ೪೦೦೦ ಸರ್ವರುಗಳು, ೪೫೦೦೦ ಕಂಪ್ಯೂಟರುಗಳು, ೨೫೦೦ ಅನ್ವಯತಂತ್ರಗಳು ಇವೆಲ್ಲವನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ನೆಲೆಗೊಳಿಸಿದುದನ್ನೂ, ಆ ಹತ್ತು ದಿನ ಕಂಪ್ಯೂಟರಿನ ನೆರವಿಲ್ಲದೆ ಹಡಗುಗಳು ನಡೆದುದನ್ನೂ, ಸಿಬ್ಬಂದಿಯ ಸಾಹಸವನ್ನೂ ಅವರು ಕೊಂಡಾಡಿದರು. ಹಾನಿ ೨೫ರಿಂದ ೩೦ ಕೋಟಿ ಡಾಲರುಗಳೆಂದು ಲೆಕ್ಕ. ಸೈಬರ್ ಸುರಕ್ಷೆಯಲ್ಲಿ ತಮ್ಮ ಸಂಸ್ಥೆಯು ಬೇರೆ ಅನೇಕ ಸಂಸ್ಥೆಗಳಂತೆ ಸಾಧಾರಣವಾಗಿತ್ತೆಂದೂ ಅವರು ಮರೆಮಾಚದೆ ಒಪ್ಪಿಕೊಂಡರು. ಈ ಒಪ್ಪಿಗೆ ಪ್ರಶಂಸನೀಯವಾದುದು.

ಆದರೂ ಈ ಕಥನದ ಪ್ರಧಾನರಸ ವೀರ. ವೀರರಸವು ನೆಲೆಯಾಗಿ ನಿಂತ ಕಡೆಯಲ್ಲಿ ಕಥೆ ಯುದ್ಧದ ದಿನದಿಂದ ಆರಂಭವಾಗುವುದು. ಕೋಟೆಯನ್ನು ಹಿಂದಿನ ವರ್ಷಗಳಲ್ಲಿ ಯಾರು ದುರಸ್ತಿಮಾಡಿಸಲಿಲ್ಲವೆಂಬುದು ಕಥೆಗೆ ಹೊರಗಾಗುವುದು. ‘ಸಾಧಾರಣವಾಗಿತ್ತು’ ಎಂಬ ಮಾತು ಸ್ಥಿತಿಯನ್ನು ಹೇಳುತ್ತದೆ, ಕ್ರಿಯೆಯನ್ನು ಹೇಳುವುದಿಲ್ಲ. ಯಾರ ಕ್ರಿಯೆಯಿಂದ ಅದು ಸಾಧಾರಣವಾಗಿ ಉಳಿಯಿತು? ಈ ಆಕಾಂಕ್ಷೆಯನ್ನು ತಣಿಸಿದವರು ಅಧ್ಯಕ್ಷರಲ್ಲ, ಪತ್ರಿಕಾಲೇಖಕರಾದ ಆಂಡಿ ಗ್ರೀನ್‌ಬರ್ಗರು. ೨೦೧೮ರ ತಮ್ಮ ಲೇಖನದಲ್ಲಿ ಅವರು ಬರೆದಿರುವ ಪ್ರಕಾರ, ಹಳೆಯ ಯಂತ್ರವ್ಯವಸ್ಥೆ ಅಪಾಯಕರವೆಂದು ಸಂಸ್ಥೆಯೊಳಗಿನವರೇ ಮೊದಲೇ ಎಚ್ಚರಿಸಿದ್ದರು. ಸುಧಾರಣೆಗೆ ಒಪ್ಪಿಗೆಯೂ ಹಣವೂ ದೊರೆತಿದ್ದುವು. ಆದರೆ ಆ ವಿಭಾಗದ ಮೇಲಧಿಕಾರಿಗಳ ಕೆಲಸವನ್ನು ಅಳೆಯುವ ಗುರಿಗಳ ಪಟ್ಟಿಯಲ್ಲಿ ಅದು ಸೇರಿರಲಿಲ್ಲವಾದುದರಿಂದ, ಅದನ್ನು ನೆರವೇರಿಸಿದರೆ ಅವರ ಬಹುಮಾನಧನಕ್ಕೆ ಏನೂ ಕೂಡುತ್ತಿರಲಿಲ್ಲ. ಸುಧಾರಣೆ ಹಿಂದೆ ಬಿತ್ತು.

ಅದೇ ಲೇಖನದ ಇನ್ನೊಂದು ಸಂಗತಿ ಹೆಚ್ಚು ಪ್ರಸಿದ್ಧವಾಗಿದೆ. ಜಾಲವನ್ನೆಲ್ಲ ಆಳುವ ಸರ್ವರುಗಳ ಪ್ರತಿಗಳಲ್ಲಿ ಒಂದು ಮಾತ್ರ, ಘಾನಾ ದೇಶದ ಕಚೇರಿಯಲ್ಲಿ, ಆ ಹೊತ್ತಿಗೆ ವಿದ್ಯುತ್ತು ನಿಂತುಹೋಗಿದ್ದುದರಿಂದ ಜಾಲದ ಸಂಪರ್ಕ ತಪ್ಪಿ ಕೆಡದೆ ಉಳಿದಿತ್ತು. ಸಂಸ್ಥೆ ಮತ್ತೆ ತಲೆಯೆತ್ತಿದ್ದು ಅದರಿಂದ. ದೈವವಿಲಾಸದ ಈ ಕಥೆಯನ್ನು ಉಪನ್ಯಾಸಕರು ಎಲ್ಲೆಲ್ಲಿಯೂ ಹೇಳುತ್ತಾರೆ. ಬಹುಮಾನಧನದ ಕಥೆಯನ್ನು ಹೇಳುವವರು ವಿರಳ. ಆದರೆ ವ್ಯಾಪಾರದಲ್ಲಿ ಅಪಾಯವನ್ನು ನಿರ್ವಹಿಸಬೇಕಾದವನಿಗೆ ಉಪಯೋಗಕ್ಕೆ ಬರತಕ್ಕುದು ಎರಡನೆಯದು. ವಿದ್ಯುತ್ತು ಯಾವಾಗ ನಿಲ್ಲುವುದೆಂದು ಅವನು ತೀರ್ಮಾನಿಸಲಾರ. ಬಹುಮಾನಧನವನ್ನು ಯಾವುದಕ್ಕೆ ಕೊಡಬೇಕೆಂಬುದನ್ನು ತೀರ್ಮಾನಿಸಬಲ್ಲ.

೪

ಈಕ್ವಿಫ್ಯಾಕ್ಸ್ ಪ್ರಸಂಗದಲ್ಲಿ ಕರ್ತೃಪದವನ್ನು ಬಿಟ್ಟಿಲ್ಲ. ಹೊರಲಾರದವನ ಮೇಲೆ ಇಟ್ಟಿದ್ದಾರೆ. ಜನರ ಸಾಲದ ಚರಿತ್ರೆಯನ್ನು ಸಂಗ್ರಹಿಸಿ ಮಾರುವುದು ಈ ಸಂಸ್ಥೆಯ ವ್ಯಾಪಾರ. ‘ಅಪಾಚೆ ಸ್ಟ್ರಟ್ಸ್’ ಎಂಬ, ಜಗತ್ತಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಸಾಫ್ಟ್‌ವೇರಿನಲ್ಲಿ ಒಂದು ಬಿರುಕಿರುವುದು ೨೦೧೭ನೆಯ ಮಾರ್ಚ್ ಮೊದಲಿನಲ್ಲಿ ಬಹಿರಂಗವಾಯಿತು. ಅದನ್ನು ಮುಚ್ಚುವ ತೇಪೆಯೂ ಒಡನೆಯೇ ದೊರೆಯಿತು. ಮಾರ್ಚ್ ೯ರಂದು ಸಂಸ್ಥೆಯ ಒಳಗೆ ನಾನೂರಕ್ಕೂ ಹೆಚ್ಚು ಮಂದಿಗೆ ಇಮೇಲ್ ಹೋಯಿತು: ೪೮ ಗಂಟೆಗಳೊಳಗೆ ತೇಪೆ ಹಾಕತಕ್ಕುದು. ೧೯೭೦ರ ದಶಕದಷ್ಟು ಹಳೆಯದಾದ ಒಂದು ವ್ಯವಸ್ಥೆಗೆ ತೇಪೆ ಬೀಳಲಿಲ್ಲ. ಮೇ ೧೩ರಿಂದ ಮೊದಲ್ಗೊಂಡು ೭೬ ದಿನಗಳ ಕಾಲ ಕಳ್ಳರು ಒಳಗೆ ಓಡಾಡಿದರು. ಸುಮಾರು ೧೪.೮ ಕೋಟಿ ಜನರ ಹೆಸರು, ಜನ್ಮದಿನ, ಸಾಮಾಜಿಕ ಭದ್ರತೆಯ ಸಂಖ್ಯೆ ಮೊದಲಾದುವು ಅವರ ಕೈಸೇರಿದುವು. ಹೋಗಿಬರುವ ಮಾಹಿತಿಯನ್ನು ನೋಡುತ್ತಿರಬೇಕಾಗಿದ್ದ ಕಾವಲುಯಂತ್ರ, ತನ್ನ ಪ್ರಮಾಣಪತ್ರದ ಅವಧಿ ೧೯ ತಿಂಗಳ ಹಿಂದೆಯೇ ಮುಗಿದುಹೋಗಿದ್ದುದರಿಂದ, ಕುರುಡಾಗಿ ಕುಳಿತಿತ್ತು. ಜುಲೈ ಕೊನೆಯಲ್ಲಿ ಪತ್ರವನ್ನು ನವೀಕರಿಸಿದೊಡನೆ ಕಳವು ಕಣ್ಣಿಗೆ ಬಿತ್ತು. ಸಾರ್ವಜನಿಕರಿಗೆ ತಿಳಿದುದು ಸೆಪ್ಟೆಂಬರ್ ೭ರಂದು.

ಮುಖ್ಯಾಧಿಕಾರಿಯಾಗಿದ್ದ ರಿಚರ್ಡ್ ಸ್ಮಿತ್ ಅವರು ಸೆಪ್ಟೆಂಬರಿನಲ್ಲಿಯೇ ಪದವಿಯನ್ನು ಬಿಟ್ಟು, ಅಕ್ಟೋಬರ್ ೩ರಂದು ಅಮೆರಿಕದ ಪ್ರತಿನಿಧಿಸಭೆಯ ಉಪಸಮಿತಿಯ ಮುಂದೆ ಸಾಕ್ಷ್ಯ ಕೊಟ್ಟರು. ಹೊಣೆ ತಮ್ಮದೆಂದು ಮೊದಲಲ್ಲಿ ಹೇಳಿದರೂ, ಕಾರಣವನ್ನು ವಿವರಿಸುವಾಗ ಎರಡನ್ನು ಮುಂದಿಟ್ಟರು: ತೇಪೆ ಹಾಕಬೇಕೆಂಬ ಮಾತನ್ನು ತಲಪಿಸಬೇಕಾಗಿದ್ದ ಒಬ್ಬ ವ್ಯಕ್ತಿ ತಲಪಿಸಲಿಲ್ಲ, ಬಿರುಕನ್ನು ಹುಡುಕುವ ಯಂತ್ರ ಅದನ್ನು ಕಾಣಲಿಲ್ಲ. ಸಾಕ್ಷ್ಯಕ್ಕೆ ಹಿಂದಿನ ದಿನ ಒಬ್ಬ ಹಿರಿಯ ಅಧಿಕಾರಿಯನ್ನು ಕೆಲಸದಿಂದ ತೆಗೆದುಹಾಕಿದ್ದರು.

೨೦೧೮ರ ಡಿಸೆಂಬರಿನಲ್ಲಿ ಪ್ರತಿನಿಧಿಸಭೆಯ ಮೇಲ್ವಿಚಾರಣಾ ಸಮಿತಿಯ ಬಹುಮತಪಕ್ಷದ ಸಿಬ್ಬಂದಿ ಹೊರಡಿಸಿದ ವರದಿಯನ್ನು ಈ ಸಾಕ್ಷ್ಯದ ಪಕ್ಕದಲ್ಲಿಟ್ಟು ಓದಬೇಕು. ನಾನೂರಕ್ಕೂ ಹೆಚ್ಚು ಮಂದಿಗೆ ಬಂದಿದ್ದ ಇಮೇಲನ್ನು ಮುಂದಕ್ಕೆ ಕಳುಹಿಸಲಿಲ್ಲವೆಂಬ ಕಾರಣಕ್ಕಾಗಿ ಆ ಅಧಿಕಾರಿಯನ್ನು ತೆಗೆದರೆಂದೂ, ಹಾಗೆ ಕಳುಹಿಸಬೇಕೆಂದು ಅವನಿಗೆ ಯಾರೂ ವಿಧಿಸಿರಲಿಲ್ಲವೆಂದೂ ಅದು ತೋರಿಸುತ್ತದೆ. ಅಲ್ಲಿಗೆ ‘ಒಬ್ಬ ವ್ಯಕ್ತಿ ತಲಪಿಸಲಿಲ್ಲ’ ಎಂಬ ವಾಕ್ಯ ಬೆಂಕಿಯಿಂದ ನೆನೆಸಿದಂತಾಯಿತು. ಕರ್ತೃವೂ ಇದ್ದಾನೆ, ಕ್ರಿಯಾಪದವೂ ಇದೆ, ಹೊಂದಿಕೆಯಿಲ್ಲ. ಕೋಟ್ಯಂತರ ಜನರ ಗುಟ್ಟು ಒಂದು ಇಮೇಲಿನ ಮೇಲೆ ನಿಂತಿತ್ತೆಂದರೆ, ಹಾಗೆ ನಿಲ್ಲಿಸಿದವರೇ ಆ ವಾಕ್ಯದ ನಿಜವಾದ ಕರ್ತೃ.

ಸಮಿತಿಯ ವರದಿಯು ಕಥೆಯನ್ನು ಮಾರ್ಚ್ ತಿಂಗಳಿಂದ ಆರಂಭಿಸದೆ ಹಿಂದಕ್ಕೆ ಹೋಗುತ್ತದೆ. ೨೦೦೫ರಿಂದ ಈಚೆಗೆ ಸಂಸ್ಥೆಯು ಹದಿನೆಂಟು ಸಂಸ್ಥೆಗಳನ್ನು ಕೊಂಡು ಶೀಘ್ರವಾಗಿ ಬೆಳೆದುದನ್ನೂ, ಆ ಬೆಳವಣಿಗೆಯ ಹಿಂದೆಯೇ ಯಂತ್ರವ್ಯವಸ್ಥೆ ತೊಡಕುತೊಡಕಾದುದನ್ನೂ ವಿವರಿಸುತ್ತದೆ. ಸುರಕ್ಷೆಯ ಮುಖ್ಯಸ್ಥರು ಯಂತ್ರವಿಭಾಗದ ಮುಖ್ಯಸ್ಥರ ಕೈಕೆಳಗಿರದೆ ಕಾನೂನು ವಿಭಾಗದ ಮುಖ್ಯಸ್ಥರಿಗೆ ವರದಿಯೊಪ್ಪಿಸುತ್ತಿದ್ದರು. ಇದರ ಮೂಲ ಹಿಂದಿನ ಅಧಿಕಾರಿಗಳ ನಡುವಣ ಭಿನ್ನಾಭಿಪ್ರಾಯ. ಆ ಅಧಿಕಾರಿಗಳು ಹೋದರು, ಏರ್ಪಾಡು ಉಳಿಯಿತು. ಅವಧಿ ಮುಗಿದ ಪ್ರಮಾಣಪತ್ರಗಳು ಮುನ್ನೂರಕ್ಕೂ ಹೆಚ್ಚಾಗಿದ್ದುವೆಂಬ ಒಂದು ಅಂಕಿಯು, ಇದು ಒಬ್ಬನ ಮರೆವಲ್ಲ, ಮನೆಯ ಪದ್ಧತಿಯೆಂಬುದನ್ನು ಪುಟಗಟ್ಟಲೆಯ ವ್ಯಾಖ್ಯಾನಕ್ಕಿಂತ ಚೆನ್ನಾಗಿ ಸಾಧಿಸುತ್ತದೆ. ಭಂಗವನ್ನು ಪೂರ್ಣವಾಗಿ ತಡೆಯಬಹುದಾಗಿತ್ತೆಂಬ ಅದರ ನಿರ್ಣಯವು ಆವೇಶದ ಮಾತಾಗಿರದೆ ಸಂಗತಿಗಳಿಂದ ತಾನಾಗಿ ಹೊರಡುವ ಸಿದ್ಧಾಂತವಾಗಿದೆ. ಮುಂದೆ ೨೦೧೯ರ ಜುಲೈಯಲ್ಲಿ ಸಂಸ್ಥೆಯು ಕಡಿಮೆಯೆಂದರೆ ೫೭.೫ ಕೋಟಿ ಡಾಲರು ಕೊಡುವ ಒಪ್ಪಂದಕ್ಕೆ ಬಂದಿತು. ೨೦೨೦ರಲ್ಲಿ ಚೀನದ ಸೈನ್ಯದ ನಾಲ್ವರ ಮೇಲೆ ಅಮೆರಿಕವು ಆರೋಪ ಹೊರಿಸಿತು. ಕಳ್ಳರು ಇಷ್ಟು ಪ್ರಬಲರೆಂದು ತಿಳಿದುಬಂದರೂ ವರದಿಯ ವಾಕ್ಯಗಳು ಸುಳ್ಳಾಗಲಿಲ್ಲವೆಂಬುದು ಗಮನಾರ್ಹ. ಒಳಹೊಕ್ಕವರ ಬಲದಿಂದ ಬಾಗಿಲು ತೆರೆದಿಟ್ಟವರ ಹೊಣೆ ಕಡಿಮೆಯಾಗುವುದಿಲ್ಲ.

೫

ಬ್ರಿಟಿಷ್ ಲೈಬ್ರರಿಯ ಪ್ರಸಂಗ ನಮ್ಮ ವಾಚಕರಿಗೆ ಹೆಚ್ಚು ಹತ್ತಿರದ್ದು. ಬಾರ್ನೆಟ್ಟರು ೧೯೧೦ರಲ್ಲಿ ಪಟ್ಟಿಮಾಡಿದ ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ ಗ್ರಂಥಗಳು ಈಗ ಇರುವುದು ಅಲ್ಲಿಯೇ. ೨೦೨೩ನೆಯ ಅಕ್ಟೋಬರ್ ೨೮ರಂದು ಆ ಗ್ರಂಥಾಲಯದ ಯಂತ್ರಜಾಲವೆಲ್ಲ ನಿಂತುಹೋಯಿತು. ‘ರಿಸಿಡಾ’ ಎಂಬ ತಂಡದವರು ಮಾಹಿತಿಯನ್ನು ಕದ್ದು, ಸರ್ವರುಗಳನ್ನು ಕೆಡಿಸಿ, ಹಣ ಕೇಳಿದರು. ಗ್ರಂಥಾಲಯವು ಕೊಡಲಿಲ್ಲ. ಸುಮಾರು ೬೦೦ ಗಿಗಾಬೈಟ್ ಮಾಹಿತಿಯನ್ನು ಅವರು ಬಯಲಿಗೆ ಚೆಲ್ಲಿದರು. ಗ್ರಂಥಸೂಚಿಯು ಹುಡುಕುವ ಮಟ್ಟಿಗೆ ಮರಳಿ ದೊರೆತದ್ದು ೨೦೨೪ರ ಜನವರಿ ೧೫ರಂದು. ಅದುವರೆಗೆ ಅಲ್ಲಿಯ ಕನ್ನಡ ಪುಸ್ತಕಗಳನ್ನು ಅರಸುವವನಿಗೆ ಆನ್‌ಲೈನ್ ಸೂಚಿ ಇಲ್ಲವಾಗಿ, ನೂರಹದಿಮೂರು ವರ್ಷಗಳ ಹಿಂದಿನ ಅಚ್ಚಿನ ಪಟ್ಟಿಯೇ ಗತಿಯಾಗಿತ್ತು.

೨೦೨೪ನೆಯ ಮಾರ್ಚ್ ೮ರಂದು ಗ್ರಂಥಾಲಯವು ಈ ಭಂಗದಿಂದ ಕಲಿತ ಪಾಠಗಳೆಂಬ ವರದಿಯನ್ನು ತಾನಾಗಿಯೇ ಪ್ರಕಟಿಸಿತು. ಹದಿನೆಂಟು ಪುಟಗಳಷ್ಟೇ, ಹದಿನಾರು ಪಾಠಗಳು. ಇದರ ಮೊದಲ ಗುಣ ಖಾತರಿಯ ತಾರತಮ್ಯ. ಕಳ್ಳರು ಹೊಕ್ಕ ದಾರಿಯನ್ನು ಖಂಡಿತವಾಗಿ ಹೇಳಲಾಗದಷ್ಟು ಸಾಕ್ಷ್ಯ ನಾಶವಾಗಿದೆಯೆಂದು ಒಪ್ಪಿಕೊಂಡು, ಬಹುಮಟ್ಟಿಗೆ ಇಂತಹ ದಾರಿ ಇರಬಹುದೆಂದು ಅಳೆದು ನುಡಿಯುತ್ತದೆ. ಎರಡನೆಯದು ಸನ್ನಿಧಿ. ಹೊರಗಿನ ಗುತ್ತಿಗೆದಾರರು ದೂರದಿಂದ ಒಳಬರಲು ೨೦೨೦ರ ಫೆಬ್ರುವರಿಯಲ್ಲಿ ಒಂದು ಸರ್ವರನ್ನು ನೆಲೆಗೊಳಿಸಿದ್ದರು. ಪಾಸ್‌ವರ್ಡಿನೊಡನೆ ಎರಡನೆಯ ಗುರುತನ್ನೂ ಕೇಳುವ ಪದ್ಧತಿಯನ್ನು ಅದೇ ವರ್ಷ ಇತರ ಕಡೆಗಳಲ್ಲಿ ತಂದಾಗ, ಈ ದಾರಿಯನ್ನು ಅದರಿಂದ ಹೊರಗಿಟ್ಟರು. ಅನುಕೂಲ, ವೆಚ್ಚ, ನಡೆಯುತ್ತಿರುವ ಕೆಲಸಗಳಿಗೆ ಆಗುವ ಅಡಚಣೆ ಇವು ಕಾರಣಗಳು. ಹೊರಗಿನವರ ಪ್ರವೇಶ ಅಪಾಯಕ್ಕೆ ಎಡೆಯಾದೀತೆಂದು ೨೦೨೨ರ ಕೊನೆಯಲ್ಲಿ ಗುರುತಿಸಿದ್ದರು. ಅದರ ಪರಿಶೀಲನೆಯನ್ನು ೨೦೨೪ಕ್ಕೆ ಇರಿಸಿಕೊಂಡಿದ್ದರು. ಭಂಗವು ೨೦೨೩ರಲ್ಲಿ ಬಂದಿತು. ಈ ನಾಲ್ಕು ವರ್ಷಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೇಳಿದ ಮಾತ್ರಕ್ಕೆ ಇಡಿಯ ವೃತ್ತಾಂತ ಒಂದು ವಾಕ್ಯದಂತೆ ಅರ್ಥವಾಗುತ್ತದೆ. ತೀರ್ಮಾನಿಸಿದವರು ಮೂರ್ಖರೆಂದೂ ತೋರುವುದಿಲ್ಲ. ಅಂದಿನ ಕಾರಣಗಳು ಯಾವ ಕಚೇರಿಯಲ್ಲಿಯೂ ಇಂದು ಕೇಳಿಬರತಕ್ಕವೇ. ಓದುವ ನಿರ್ದೇಶಕನು ‘ನಮ್ಮಲ್ಲಿಯೂ ಇಂತಹದೊಂದು ಇದೆಯೇ’ ಎಂದು ತನ್ನ ಕಡತವನ್ನು ತೆರೆಯುವನು. ವರದಿಯ ಸಾರ್ಥಕ್ಯ ಇದೇ ಅಲ್ಲವೆ?

ಇಷ್ಟರಮೇಲೂ ಒಂದು ಕೊರತೆಯನ್ನು ಹೇಳಬೇಕಾಗಿದೆ. ಆ ದಾರಿಯನ್ನು ಹೊರಗಿಡುವ ತೀರ್ಮಾನವನ್ನು ಹೇಳುವ ಸ್ಥಳದಲ್ಲಿ ವರದಿಯು ಕರ್ಮಣಿಪ್ರಯೋಗಕ್ಕೆ ತಿರುಗುತ್ತದೆ: ತೀರ್ಮಾನವಾಯಿತೆಂದು ಹೇಳುತ್ತದೆ, ಯಾವ ಮಂಡಲಿ, ಯಾವ ಅಧಿಕಾರಸ್ಥಾನ ತೀರ್ಮಾನಿಸಿತೆಂದು ಹೇಳುವುದಿಲ್ಲ. ವ್ಯಕ್ತಿಯ ಹೆಸರು ಬೇಕಾಗಿರಲಿಲ್ಲ. ಸ್ಥಾನದ ಹೆಸರು ಬೇಕಾಗಿತ್ತು. ಅಪಾಯವನ್ನು ಉಳಿಸಿಕೊಳ್ಳುವ ಅಧಿಕಾರ ಯಾವ ಮಟ್ಟದಲ್ಲಿತ್ತೆಂಬುದು ಇತರರಿಗೆ ಮುಖ್ಯವಾದ ಪಾಠ. ಯಂತ್ರವಿಭಾಗದ ಒಬ್ಬ ಅಧಿಕಾರಿ ಒಪ್ಪಿಕೊಂಡ ಅಪಾಯಕ್ಕೂ ಆಡಳಿತಮಂಡಲಿ ತಿಳಿದು ಒಪ್ಪಿಕೊಂಡ ಅಪಾಯಕ್ಕೂ ಬಹಳ ಅಂತರವುಂಟು. ಉಳಿದೆಲ್ಲ ಕಡೆ ಸ್ಫುಟವಾಗಿರುವ ಗದ್ಯ ಇಲ್ಲಿ ಮಾತ್ರ ತಗ್ಗಿದ ದನಿಯಲ್ಲಿ ನುಡಿಯುತ್ತದೆ.

೬

ಹೊಸ ತಂತ್ರಗಳು ಬಂದಂತೆ ಈ ಬರಹಕ್ಕೆ ಹೊಸ ಕಷ್ಟ ಒದಗಿದೆ. ದಾಳಿ, ಕೋಟೆ, ಗೋಡೆ ಎಂಬ ರೂಪಕಗಳೇ ಇದುವರೆಗೆ ಇದರ ಬಂಡವಾಳ. ಎರಡು ಪ್ರಸಂಗಗಳಲ್ಲಿ ಅವು ಸಾಲದೆ ಬಂದುದನ್ನು ನೋಡಬಹುದು.

೨೦೨೪ನೆಯ ಜುಲೈ ೧೯ರಂದು ಜಗತ್ತಿನ ಸುಮಾರು ೮೫ ಲಕ್ಷ ಕಂಪ್ಯೂಟರುಗಳು ಒಮ್ಮೆಗೇ ನಿಂತುವು. ಭಾರತದ ವಿಮಾನನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಿಂದ ಬರೆದುಕೊಟ್ಟರು. ಇಲ್ಲಿ ದಾಳಿಯೇ ಇರಲಿಲ್ಲ. ಕಾವಲಿಗೆಂದು ಇಟ್ಟುಕೊಂಡ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ನವೀಕರಣವೇ ಯಂತ್ರಗಳನ್ನು ಕೆಡವಿತು. ಆಗಸ್ಟಿನಲ್ಲಿ ಆ ಸಂಸ್ಥೆ ಹೊರಡಿಸಿದ ಕಾರಣಮೀಮಾಂಸೆಯು ನಿಖರತೆಯಲ್ಲಿ ಮೆಚ್ಚತಕ್ಕುದು: ಒಂದು ಭಾಗವು ೨೧ ಅಂಶಗಳನ್ನು ನಿರೀಕ್ಷಿಸಿತ್ತು, ಇನ್ನೊಂದು ಭಾಗ ೨೦ನ್ನು ಮಾತ್ರ ಒದಗಿಸಿತು; ಇಲ್ಲದ ಇಪ್ಪತ್ತೊಂದನೆಯದನ್ನು ಓದಹೋಗಿ ಯಂತ್ರ ಕುಸಿಯಿತು. ಆದರೆ ವಾಚಕನ ಆಕಾಂಕ್ಷೆ ಈ ಅಂಕಿಗಳಿಂದ ತೀರುವುದಿಲ್ಲ. ತಪ್ಪು ಯಾವ ಕೆಲಸದಲ್ಲಿಯೂ ಬರಬಹುದು; ಮೊದಲು ಕೆಲವರಿಗೆ ಕಳುಹಿಸಿ ಪರೀಕ್ಷಿಸದೆ ಎಲ್ಲರಿಗೂ ಒಮ್ಮೆಗೇ ಕಳುಹಿಸುವ ಪದ್ಧತಿಯೇ ತಪ್ಪನ್ನು ಅನಾಹುತವಾಗಿ ಮಾಡಿದ್ದು. ಇನ್ನು ಮುಂದೆ ಹಂತಹಂತವಾಗಿ ಕಳುಹಿಸುವೆವೆಂದು ವರದಿ ಹೇಳುವುದರಲ್ಲಿ ಈ ಒಪ್ಪಿಗೆ ಅಡಗಿದೆ. ಅದು ಪರಿಹಾರದ ಪಟ್ಟಿಯಲ್ಲಿ ಕೂರುವುದಕ್ಕಿಂತ ಕಾರಣದ ಪಟ್ಟಿಯ ತಲೆಯಲ್ಲಿ ನಿಲ್ಲಬೇಕಾಗಿತ್ತು.

ಎರಡನೆಯದು ಅರಪ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯದು; ೨೦೨೪ರ ಮೊದಲಿನಲ್ಲಿ ಬೆಳಕಿಗೆ ಬಂದಿತು. ಹಣಕಾಸಿನ ಮುಖ್ಯಸ್ಥರಿಂದ ಬಂದಂತೆ ತೋರಿದ ಸಂದೇಶವನ್ನು ನೌಕರನೊಬ್ಬ ಮೊದಲು ಶಂಕಿಸಿದ. ಬಳಿಕ ವಿಡಿಯೋ ಸಭೆಯಲ್ಲಿ ಆ ಮುಖ್ಯಸ್ಥರ ಮುಖವನ್ನೂ ಸಹೋದ್ಯೋಗಿಗಳ ಮುಖಗಳನ್ನೂ ಕಂಡು ನಂಬಿದ. ಹದಿನೈದು ಬಾರಿಯಾಗಿ ೨೦ ಕೋಟಿ ಹಾಂಗ್‌ಕಾಂಗ್ ಡಾಲರುಗಳು ಹೋದುವು. ಮುಖಗಳೂ ಧ್ವನಿಗಳೂ ಕೃತಕಬುದ್ಧಿಯ ಯಂತ್ರದಿಂದ ರಚಿಸಿದುವು. ಇಲ್ಲಿ ಗೋಡೆ ಒಡೆಯಲಿಲ್ಲ, ಬೀಗ ಮುರಿಯಲಿಲ್ಲ. ‘ನೌಕರನು ಮೋಸಹೋದನು’ ಎಂದು ಬರೆದರೆ ಈಕ್ವಿಫ್ಯಾಕ್ಸಿನ ಇಮೇಲಿನ ವಾಕ್ಯವನ್ನೇ ಮತ್ತೆ ಬರೆದಂತಾಗುವುದು. ಕಣ್ಣಿಂದ ಕಂಡುದೇ ಪ್ರಮಾಣವೆಂಬುದು ಲೋಕದ ನಡವಳಿ. ಪ್ರತ್ಯಕ್ಷವನ್ನೇ ಹುಸಿಯಾಗಿ ಕಟ್ಟಬಲ್ಲ ಯಂತ್ರ ಬಂದ ಮೇಲೆ, ಇಷ್ಟು ಹಣವನ್ನು ಒಬ್ಬನ ಕಣ್ಣಿನ ಮೇಲೆ ನಿಲ್ಲಿಸಿದ ಕಟ್ಟಳೆಯನ್ನು ಕುರಿತು ವಾಕ್ಯ ಬರೆಯಬೇಕಾಗಿದೆ. ತಿಳಿದಿರುವ ಇನ್ನೊಂದು ಸಂಖ್ಯೆಗೆ ತಿರುಗಿ ದೂರವಾಣಿಮಾಡಿ ವಿಚಾರಿಸಬೇಕು, ಎರಡನೆಯವನ ಒಪ್ಪಿಗೆ ಬೇಕು ಎಂಬಂತಹ ಹಳೆಯ ಕಾಲದ ನಿಯಮಗಳೇ ಹೊಸ ಅಪಾಯಕ್ಕೆ ಮದ್ದಾಗುವುದೂ ಇಲ್ಲಿ ವಿಚಾರಾರ್ಹ.

೭

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ನ್ಯಾಯವಾದಿಗಳ ಕಾವಲಿನಲ್ಲಿ ಬರೆಯುವ ಸಂಸ್ಥೆಯು ಕರ್ತೃವನ್ನು ಹೆಸರಿಸುವುದೆಂತು, ಒಪ್ಪಿಕೊಂಡ ಮಾತು ನಾಳೆ ದಾವೆಯಲ್ಲಿ ಸಾಕ್ಷ್ಯವಾಗುವುದಲ್ಲವೆ ಎಂಬುದು ಒಂದು. ಇದು ನಿಜವಾದ ಭಯ. ಆದರೆ ಈಕ್ವಿಫ್ಯಾಕ್ಸಿನಲ್ಲಿ ಜಾಗರೂಕವಾದ ಸಾಕ್ಷ್ಯವು ಸಂಸ್ಥೆಯನ್ನು ದಾವೆಗಳಿಂದಲೂ ತಪ್ಪಿಸಲಿಲ್ಲ, ಅಪಕೀರ್ತಿಯಿಂದಲೂ ಉಳಿಸಲಿಲ್ಲ. ಬ್ರಿಟಿಷ್ ಲೈಬ್ರರಿಯ ಬಿಚ್ಚುಮಾತು ಅದಕ್ಕೆ ಗೌರವವನ್ನೇ ತಂದಿತು.

ಎರಡನೆಯದು ಇನ್ನೂ ಗಂಭೀರವಾದುದು: ಕರ್ತೃವನ್ನು ಹುಡುಕುವುದೆಂದರೆ ಅಪರಾಧಿಯನ್ನು ಹುಡುಕಿದಂತಾಗಿ, ಜನ ಹೆದರಿ ತಪ್ಪುಗಳನ್ನು ಮುಚ್ಚಿಡುವರಲ್ಲವೆ? ವಿಮಾನದುರಂತಗಳ ವಿಚಾರಣೆಯಲ್ಲಿ, ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಒಡಂಬಡಿಕೆಯ ೧೩ನೆಯ ಅನುಬಂಧದ ಪ್ರಕಾರ, ಉದ್ದೇಶ ದುರಂತವನ್ನು ತಡೆಯುವುದೇ ಹೊರತು ದೂಷಣೆಯಲ್ಲ. ಈ ನೀತಿಯನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಕರ್ತೃವೆಂಬುದು ವ್ಯಾಕರಣದ ಮಾತು. ಅಪರಾಧಿಯೆಂಬುದು ನ್ಯಾಯಾಲಯದ ಮಾತು. ಯಾವ ಸ್ಥಾನದಲ್ಲಿ, ಯಾವ ಕಾರಣದಿಂದ, ಯಾವ ತೀರ್ಮಾನ ಆಯಿತೆಂದು ಹೇಳುವುದು ದೂಷಣೆಯಲ್ಲ. ಕರ್ತೃವನ್ನು ಬಿಟ್ಟ ವಾಕ್ಯವೇ ದೂಷಣೆಗೆ ಎಡೆಕೊಡುವುದು: ತೆರವಾದ ಆ ಸ್ಥಾನಕ್ಕೆ ಕೊನೆಗೆ ಬಲಹೀನನಾದ ಯಾವನೋ ಒಬ್ಬ ನೌಕರನನ್ನು ತಂದು ಕೂರಿಸುತ್ತಾರೆ.

೮

ಇದೆಲ್ಲ ಇಂಗ್ಲಿಷಿನ ವಿಚಾರ, ನಮಗೇಕೆಂದು ಹೇಳುವಂತಿಲ್ಲ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮವು, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿಯೋ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯೊಂದರಲ್ಲಿಯೋ ಓದುವ ಆಯ್ಕೆಯನ್ನು ಜನರಿಗೆ ಕೊಟ್ಟಿದೆ, ಕನ್ನಡವು ಅವುಗಳಲ್ಲೊಂದು. ೨೦೨೫ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು, ಭಂಗವುಂಟಾದಾಗ ಬಾಧಿತರಾದ ಪ್ರತಿಯೊಬ್ಬರಿಗೂ ಸಂಕ್ಷೇಪವಾಗಿ, ಸ್ಪಷ್ಟವಾಗಿ, ಸರಳವಾಗಿ ತಿಳಿಸತಕ್ಕುದೆಂದು ವಿಧಿಸಿವೆ. ಈ ಕಟ್ಟಳೆ ಜಾರಿಗೆ ಬರಲು ಹದಿನೆಂಟು ತಿಂಗಳ ಅವಧಿಯಿದೆ. ಭಂಗದ ಸೂಚನೆ ಯಾವ ಭಾಷೆಯಲ್ಲಿರಬೇಕೆಂದು ವಿಧಿಸಿಲ್ಲವಾದರೂ, ಕನ್ನಡಿಗನಿಗೆ ಸ್ಪಷ್ಟವೂ ಸರಳವೂ ಆಗಬೇಕಾದರೆ ಅದು ಕನ್ನಡದಲ್ಲಿರಬೇಕಷ್ಟೆ.

ಕನ್ನಡದ ಸ್ವಭಾವಕ್ಕೆ ಕರ್ಮಣಿಪ್ರಯೋಗ ಅಷ್ಟಾಗಿ ಒಗ್ಗದು. ‘ಮಾಡಲ್ಪಟ್ಟಿತು’ ಎಂಬುದು ಅನುವಾದದ ಕಾಗದಗಳಲ್ಲಿ ಬದುಕುತ್ತದೆಯೇ ಹೊರತು ಮಾತಿನಲ್ಲಿ ಅಲ್ಲ. ಇದರಿಂದ ನಮ್ಮ ಭಾಷೆ ತಾನಾಗಿ ಪ್ರಾಮಾಣಿಕವೆಂದು ಹಿಗ್ಗಬೇಕಾಗಿಲ್ಲ. ಕರ್ತೃವನ್ನು ಮರೆಸಲು ನಮಗೆ ಬೇರೆ ದಾರಿಗಳಿವೆ: ‘ಆಯಿತು’, ‘ಹೋಯಿತು’, ‘ಕಂಡುಬಂದಿದೆ’, ‘ಕೈಗೊಳ್ಳಲಾಗ��ದೆ’. ಪತ್ರಿಕೆಗಳಲ್ಲಿ ರೂಢವಾಗಿರುವ ‘ಮಾಹಿತಿ ಸೋರಿಕೆ’ ಎಂಬ ಮಾತನ್ನೇ ನೋಡಿ. ಸೋರುವುದು ಮಾಳಿಗೆ, ಮಳೆಯೂ ಯಾರ ತಪ್ಪಲ್ಲ, ಮಾಳಿಗೆ ಹಳೆಯದಾದುದೂ ಯಾರ ತಪ್ಪಲ್ಲ ಎಂಬ ಧ್ವನಿ ಅದರಲ್ಲಿದೆ. ‘ಖಾತೆಗೆ ಕನ್ನ’ ಎಂಬುದು ಇನ್ನೊಂದು. ಕನ್ನವೆಂದರೆ ಕಳ್ಳನು ಗೋಡೆಯನ್ನು ಕೊರೆದು ಮಾಡಿದ ಕಿಂಡಿ. ಇಲ್ಲಿ ಕಳ್ಳನು ಸ್ಫುಟವಾಗಿ ಕಾಣುತ್ತಾನೆ, ಮನೆಯವನು ಪೂರ್ಣವಾಗಿ ನಿರ್ದೋಷಿಯಾಗುತ್ತಾನೆ. ಈಕ್ವಿಫ್ಯಾಕ್ಸಿನಲ್ಲಿ ಆದದ್ದು ಸೋರಿಕೆಯೂ ಅಲ್ಲ, ಕನ್ನವೂ ಅಲ್ಲ. ತೆರೆದಿದೆಯೆಂದು ತಿಳಿಸಿದ ಮೇಲೂ ಹಾಕದೆ ಬಿಟ್ಟ ಬಾಗಿಲಿನಿಂದ ನಡೆದ ಕಳವು.

‘ಮಾಹಿತಿ ಸೋರಿಕೆಯಾಗಿರುವುದು ಕಂಡುಬಂದಿದ್ದು ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂಬುದು ನಾವು ಮಾದರಿಗಾಗಿ ಕಟ್ಟಿದ ವಾಕ್ಯ. ಆದರೆ ಇಂತಹುದನ್ನು ಓದದ ಕನ್ನಡಿಗರಿಲ್ಲ. ಇದರ ಬದಲು, ‘ದೂರದಿಂದ ಒಳಬರುವ ಗುತ್ತಿಗೆದಾರರನ್ನು ಎರಡನೆಯ ಗುರುತು ಕೇಳುವುದು ಬೇಡವೆಂದು ನಮ್ಮ ಆಡಳಿತಮಂಡಲಿಯು ವೆಚ್ಚದ ಕಾರಣದಿಂದ ಮೂರು ವರ್ಷಗಳ ಹಿಂದೆ ತೀರ್ಮಾನಿಸಿತ್ತು, ಆ ದಾರಿಯಿಂದ ಕಳ್ಳರು ಹೊಕ್ಕು ನಿಮ್ಮ ಹೆಸರು, ವಿಳಾಸ, ಖಾತೆಯ ಸಂಖ್ಯೆಗಳನ್ನು ನಕಲುಮಾಡಿಕೊಂಡಿದ್ದಾರೆ’ ಎಂದು ಬರೆಯಲು ಕನ್ನಡಕ್ಕೆ ಯಾವ ಪದದ ಬಡತನವೂ ಇಲ್ಲ. ಇಲ್ಲಿ ಆಕಾಂಕ್ಷೆ ತೀರಿದೆ, ಕರ್ತೃವಿಗೆ ಯೋಗ್ಯತೆಯಿದೆ, ಮೂರು ವರ್ಷಗಳ ಅಂತರ ಒಂದು ವಾಕ್ಯದಲ್ಲಿ ಅಡಗಿದೆ.

ಇಂತಹ ಸೂಚನೆಗಳನ್ನು ನಾಳೆ ಕನ್ನಡದಲ್ಲಿ ಬರೆಯತಕ್ಕವರು ಇಂದು ನಮ್ಮ ಕಾಲೇಜುಗಳಲ್ಲಿ ಕುಳಿತಿದ್ದಾರೆ. ವ್ಯಾವಹಾರಿಕ ಗದ್ಯವೆಂದರೆ ಅರ್ಜಿ, ಸುತ್ತೋಲೆಗಳ ನಮೂನೆಯೆಂದು ತಿಳಿದು ಅದನ್ನು ಸಾಹಿತ್ಯದ ಅಧ್ಯಾಪಕರು ಇದುವರೆಗೆ ದೂರವಿರಿಸಿದ್ದಾರೆ. ಸಮಿತಿಯ ವರದಿಯನ್ನೂ ಗ್ರಂಥಾಲಯದ ವರದಿಯನ್ನೂ ತರಗತಿಗೆ ತಂದು, ಒಂದೊಂದು ವಾಕ್ಯದಲ್ಲಿಯೂ ಕರ್ತೃವೆಲ್ಲಿ ಎಂದು ವಿದ್ಯಾರ್ಥಿಗಳಿಂದ ಹುಡುಕಿಸುವುದು ಒಳ್ಳೆಯ ಅಭ್ಯಾಸವಾದೀತು. ವ್ಯಾಪಾರಸಂಸ್ಥೆಗಳ ನಿರ್ವಾಹಕರಿಗೂ ಅದೇ ಅಭ್ಯಾಸ ಸಲ್ಲುವುದು. ಆದರೆ ಅವರು ಅದನ್ನು ಭಂಗವಾದ ಮೇಲಿನ ವರದಿಗೆ ಕಾಯ್ದಿರಿಸದೆ, ಅಪಾಯವನ್ನು ಉಳಿಸಿಕೊಂಡೆವೆಂದು ಬರೆದಿಡುವ ದಿನದ ಕಡತದಲ್ಲಿಯೇ ಮಾಡತಕ್ಕುದು.